13 ಸ್ವರದ ಕೈ ಶ್ರುತಿಪೆಟ್ಟಿಗೆ: ಮಲೆನಾಡಿನ ಮನೆಗೆ ಆಗಿಬರುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡೋಣ. ದಿನಕ್ಕೊಂದು ಇಪ್ಪತ್ತು ನಿಮಿಷ ಕೂತು, ಪಾಠ ಒಪ್ಪಿಸುವುದಕ್ಕಲ್ಲದೆ ತನ್ನದೇ ಒಂದು ಸಾಲಿಗೆ ತಾನೇ ದಾಟಿ (ಹಾಡುವ ಮಟ್ಟು) ಹುಡುಕುವ ಆಸೆಯಿರುವವರಿಗೆ ಹಾಡಿಗೆ ಆಧಾರಸ್ವರ ಹಿಡಿದುಕೊಡುವ, ಕೈಯಲ್ಲಿ ಒತ್ತುವ 13 ಸ್ವರದ ಶ್ರುತಿಪೆಟ್ಟಿಗೆಯಷ್ಟು ಒದಗಿಬರುವ ಸಾಮಾನು ಬೇರೆ ಇಲ್ಲ. ಫೋನಿನ ತಂಬೂರಿ ಆ್ಯಪ್ ಇದಕ್ಕಿಂತ ಅಗ್ಗ, ನಿಜ. ಎಲೆಕ್ಟ್ರಾನಿಕ್ ಪೆಟ್ಟಿಗೆ ಇದಕ್ಕಿಂತ ಕರಾರುವಾಕ್ಕು, ಅದೂ ನಿಜ. ಆದರೆ ಹಾಡುತ್ತ ಹಾಡುತ್ತಲೇ ಆಧಾರಸ್ವರವನ್ನು ಬದಲಿಸಿ ನೋಡುವ ಸಲೀಸು ಇದರಲ್ಲಿದ್ದಷ್ಟು ಅವುಗಳಲ್ಲಿಲ್ಲ. ಒಂದು ಷರತ್ತು: ಮನೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪೆಟ್ಟಿಗೆಯ ಆರೈಕೆಗೆ ಮನಸ್ಸು ಮಾಡಬೇಕು. ಅದಾಗದು ಎನ್ನುವವರಿಗೆ ಆ್ಯಪ್ ಸಾಕು, ದುಡ್ಡು ಉಳಿಸಿಕೊಳ್ಳಲಿ.

ಹಾರ್ಮೋನಿಯಂ ಬಲ್ಲವರಿಗೆ ಇದರ ಒಳಗು ಹೊಸದೇನಲ್ಲ. ಮುಂದಿನ ಹಲಗೆ ಒಂದು ತಿದಿ. ಅದನ್ನು ಒತ್ತಿದರೆ ಗಾಳಿ ಚರ್ಮದ ಕವಾಟ ದಾಟಿ ಹಿಂದಿನ ಇನ್ನೊಂದು ತಿದಿಗೆ ಹೋಗಿ ತುಂಬುತ್ತದೆ. ಆ ಹಿಂದಿನ ತಿದಿಯನ್ನು ಉಕ್ಕಿನ ಸ್ಪ್ರಿಂಗ್ ಒಂದೇ ಸಮ ಅಮುಕುತ್ತಿರುತ್ತದೆ. ಅದರಿಂದಾಗಿ ಕೈ ನಿಂತಾಗಲೂ ನಾದ ನಿಲ್ಲುವುದಿಲ್ಲ. ಮಧ್ಯದ ಹಲಗೆಯಲ್ಲಿ 13 ಹಿತ್ತಾಳೆಯ ರೀಡು, ಅಂದರೆ ಚೌಕಟ್ಟಿನಲ್ಲಿ ಕೂತು ಗಾಳಿಗೆ ನಡುಗಿ ನುಡಿಯುವ ತೆಳು ನಾಲಿಗೆ. ಒಂದೊಂದು ರೀಡಿನ ತೂತಿಗೂ ಬೆರಳಲ್ಲಿ ಸರಿಸುವ ಒಂದೊಂದು ಪುಟ್ಟ ಮುಚ್ಚಳ. ಯಾವುದನ್ನು ತೆರೆದರೆ ಆ ಸ್ವರ ನುಡಿಯುತ್ತದೆ, ಮುಚ್ಚುವವರೆಗೂ ನುಡಿಯುತ್ತಲೇ ಇರುತ್ತದೆ. ಇಷ್ಟೇ ಯಂತ್ರ. ಕೆಡುವುದೂ ಇಷ್ಟರಲ್ಲೇ: ಗಾಳಿ ಸೋರುತ್ತದೆ, ರೀಡು ಕಟ್ಟಿಕೊಳ್ಳುತ್ತದೆ, ಮುಚ್ಚಳ ಬಿಗಿಯುತ್ತದೆ ಅಥವಾ ಸಡಿಲವಾಗುತ್ತದೆ.

ಕೊಳ್ಳುವಾಗ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಸಣ್ಣ ಪೆಟ್ಟಿಗೆ ಮುದ್ದಾಗಿರುತ್ತದೆ, ಬ್ಯಾಗಿಗೆ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಸಣ್ಣದರಲ್ಲಿ ಉದ್ದದ ರೀಡು ಕೂರಿಸಲು ಜಾಗ ಕಡಿಮೆ, ಹಾಗಾಗಿ ಹಲವು ಸಣ್ಣ ಪೆಟ್ಟಿಗೆಗಳು ಮೇಲಿನ ಸ್ಥಾಯಿಯಲ್ಲಿ, ಅಂದರೆ 261.6 ಹರ್ಟ್ಸ್‌ನ ಬಿಳಿ 1ರಿಂದ ಶುರುವಾಗುತ್ತವೆ. (ಹಾರ್ಮೋನಿಯಂನ ಬಿಳಿ, ಕರಿ ಮನೆಗಳನ್ನು ಸಿ ಯಿಂದ ಎಣಿಸುವ ಲೆಕ್ಕ ಇದು: ಬಿಳಿ 1 ಅಥವಾ ಒಂದು ಮನೆ ಎಂದರೆ ಸಿ, ಒಂದೂವರೆ ಮನೆ ಎಂದರೆ ಅದರ ಪಕ್ಕದ ಕರಿ 1.) ಒಂದು, ಒಂದೂವರೆ ಮನೆಯಲ್ಲಿ ಹಾಡುವ ಗಂಡುದನಿಗೆ ಅದು ತಲೆಯ ಮೇಲೆ ಕಿರುಗುಟ್ಟಿದಂತಾಗುತ್ತದೆ. ಬೇಕಾದದ್ದು ಕೆಳಗಿನ ಬಿಳಿ 1ರಿಂದ, ಅಂದರೆ 130.8 ಹರ್ಟ್ಸ್‌ನಿಂದ ಶುರುವಾಗಿ ಅದರ ಮೇಲಿನ ಬಿಳಿ 1ಕ್ಕೆ ಮುಗಿಯುವ ದೊಡ್ಡ ಪೆಟ್ಟಿಗೆ. ಐದು, ಆರು ಮನೆಯಲ್ಲಿ ಹಾಡುವ ಹೆಣ್ಣುದನಿಗೂ ಇದೇ ಸರಿ. ಬಿಳಿ 5 ಅವರ ಷಡ್ಜವಾದರೆ ಪಂಚಮ ಬಿಳಿ 2ಕ್ಕೆ, ಷಡ್ಜದ ಕೆಳಗೆ ಬೀಳುತ್ತದೆ, ತಂಬೂರಿಯ ಮೊದಲ ತಂತಿಯ ಮಂದ್ರ ಪಂಚಮದ ಹಾಗೆ. ಅಂಗಡಿಯವರಿಗೆ "ದೊಡ್ಡದು ಕೊಡಿ" ಅಂದರೆ ಸಾಲದು, "ಕೆಳಗಿನ ಸಿ ಯಿಂದ ಶುರುವಾಗೋದೇ ಬೇಕು ಸಾರ್" ಎಂದು ಬಿಡಿಸಿ ಹೇಳಿ. ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್ ಹಾಕಿಕೊಂಡು ಮೊದಲ ರೀಡನ್ನು ತೆರೆದರೆ ಅದು ಸಿ3 ಎಂದು ತೋರಿಸಬೇಕು. ಸಿ4 ಎಂದು ತೋರಿಸಿದರೆ ವಾಪಸ್ ಇಟ್ಟುಬಿಡಿ.

ಶಿವಮೊಗ್ಗದ ವಾದ್ಯದ ಅಂಗಡಿಯಲ್ಲಿ ಕೈಗೆ ಸಿಕ್ಕರೆ ಹತ್ತು ನಿಮಿಷ ಪರೀಕ್ಷೆ ಮಾಡದೆ ದುಡ್ಡು ಎಣಿಸಬೇಡಿ. ಇಟ್ಟಿಲ್ಲದಿದ್ದರೆ ತರಿಸಿಕೊಡಲು ಹೇಳಿ, ಬಂದ ಮೇಲೆ ನೋಡಿ ಕೊಳ್ಳುವ ಮಾತಿಗೆ ಒಪ್ಪಿಸಿ. ಮೊದಲು ಎಲ್ಲ ಮುಚ್ಚಳ ಮುಚ್ಚಿ ತಿದಿ ತುಂಬಿಸಿ ಕೈ ಬಿಡಿ. ಹಿಂದಿನ ತಿದಿ ಹತ್ತು ಸೆಕೆಂಡಾದರೂ ಉಬ್ಬಿಯೇ ಇರಬೇಕು. ಎರಡೇ ಸೆಕೆಂಡಿಗೆ ಕುಸಿದರೆ ಎಲ್ಲೋ ಸೋರಿಕೆಯಿದೆ. ಕಿವಿ ಹತ್ತಿರ ಹಿಡಿದರೆ ಸುಯ್ ಎನ್ನುವ ಜಾಗ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ತಿದಿಯ ಮಡಿಕೆಯ ಮೂಲೆ ಅಥವಾ ಸರಿಯಾಗಿ ಕೂರದ ಮುಚ್ಚಳ. ಮುಚ್ಚಳವಾದರೆ ರಿಪೇರಿ ಸುಲಭ. ಮೂಲೆಯಾದರೆ ಬೇರೆ ಪೆಟ್ಟಿಗೆ ಕೇಳಿ. ಎಲ್ಲ ಮುಚ್ಚಿದ್ದೂ ಸಣ್ಣಗೆ ಒಂದು ಸ್ವರ ಹಾಡುತ್ತಿದ್ದರೆ ಆ ಮುಚ್ಚಳದ ಕೆಳಗಿನ ಚರ್ಮದ ಬಿಲ್ಲೆ ಸರಿದಿದೆ ಎಂದರ್ಥ.

ಆಮೇಲೆ ಒಂದೊಂದೇ ರೀಡು ತೆರೆದು ಕೇಳಿ. ಹದಿಮೂರೂ ಒಂದೇ ಒತ್ತಡಕ್ಕೆ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಎದ್ದು ನುಡಿಯಬೇಕು. ಕೆಳಗಿನ ರೀಡುಗಳು ಉದ್ದ, ಭಾರ, ಆದ್ದರಿಂದ ಒಂದು ಕ್ಷಣ ತಡವಾಗಿ ಏಳುವುದು ಸಹಜ. ಮಧ್ಯದ್ದು ತಡವಾದರೆ ಸಹಜವಲ್ಲ. ಝರ್ ಎನ್ನುವ ರೀಡು ಇದ್ದರೆ ನಾಲಿಗೆ ಚೌಕಟ್ಟಿನ ಬದಿಗೆ ತಾಗುತ್ತಿದೆ, ಇಲ್ಲವೇ ಸ್ಕ್ರೂ ಸಡಿಲವಾಗಿದೆ.

ಶ್ರುತಿಯ ಪರೀಕ್ಷೆಗೆ ಟ್ಯೂನರ್‌ಗಿಂತ ಕಿವಿಯೇ ವಾಸಿ. ಎರಡೂ ತುದಿಯ ಬಿಳಿ 1 ತೆರೆಯಿರಿ: ಮಂದ್ರ, ಮಧ್ಯ ಎರಡೂ ಸೇರಿ ಒಂದೇ ಸ್ವರದಂತೆ, ಅಲೆಯಿಲ್ಲದೆ ನಿಲ್ಲಬೇಕು. ಮುಂದೆ ಕೆಳಗಿನ ಬಿಳಿ 1 ಮತ್ತು ಬಿಳಿ 5. ಇಲ್ಲಿ ಕೊಂಚ ಲೆಕ್ಕವಿದೆ. ಶುದ್ಧ ಪಂಚಮ ಷಡ್ಜದ ಒಂದೂವರೆ ಪಟ್ಟು, ಅಂದರೆ 130.8ಕ್ಕೆ 196.2 ಹರ್ಟ್ಸ್. ಪೆಟ್ಟಿಗೆಗಳನ್ನು ಕೀಬೋರ್ಡಿನ ಸಮಪಾಲಿನ ಲೆಕ್ಕದಲ್ಲಿ, ಅಂದರೆ ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿ, ಶ್ರುತಿ ಮಾಡುವುದರಿಂದ ಅಲ್ಲಿರುವುದು 196.0. ಈ ಚೂರು ವ್ಯತ್ಯಾಸದಿಂದ ಎರಡು ಸೆಕೆಂಡಿಗೊಮ್ಮೆ, ಇನ್ನೂ ಕೊಂಚ ನಿಧಾನಕ್ಕೆ, ನಾದ ಉಬ್ಬಿ ಇಳಿದಂತೆ ಕೇಳುತ್ತದೆ. ಅದು ದೋಷವಲ್ಲ, ಕಿವಿಗೆ ಹಿತವಾಗಿಯೇ ಇರುತ್ತದೆ. ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ಅಲುಗಿದರೆ ರೀಡು ಹತ್ತು ಸೆಂಟ್‌ನಷ್ಟು ತಪ್ಪಿದೆ, ಅದು ದೋಷ. ಒಂದು ಸ್ಥಾಯಿಗೆ 1,200 ಸೆಂಟ್ ಎಂಬ ಅಳತೆಯಲ್ಲಿ ಹತ್ತು ಎಂದರೆ ಕಡಿಮೆ ಅನಿಸಬಹುದು. ಆದರೆ ದಿನಾ ಅದರ ಮೇಲೇ ದನಿ ಕೂರಿಸುವವರ ಕಿವಿಯನ್ನು ಅದು ಕೆಡಿಸುತ್ತದೆ. ಗಾಂಧಾರದ ವಿಷಯದಲ್ಲಿ ಈ ಸಮಪಾಲಿನ ಲೆಕ್ಕ ಇನ್ನೂ ಒರಟು: ಸಹಜ ಅಂತರ ಗಾಂಧಾರಕ್ಕಿಂತ 14 ಸೆಂಟ್ ಮೇಲೆ. ಹಾಗಾಗಿ ಮೋಹನ ರಾಗ ಹಾಡುವಾಗ ಗಾಂಧಾರದ ರೀಡನ್ನು ತೆರೆದಿಟ್ಟುಕೊಳ್ಳಬೇಡಿ. ಷಡ್ಜ ಪಂಚಮ ತೆರೆದು, ಗಾಂಧಾರವನ್ನು ಗಂಟಲೇ ಹುಡುಕಿಕೊಳ್ಳಲಿ.

ಆಕಾಶವಾಣಿ ಹಾರ್ಮೋನಿಯಂ ಅನ್ನು 1940ರಿಂದ 1971ರವರೆಗೆ ದೂರವಿಟ್ಟದ್ದಕ್ಕೆ ಇಂಥ ಕಾರಣಗಳೂ ಇದ್ದವು. ಗಮಕ, ಅಂದರೆ ಸ್ವರದ ಬಳುಕು, ಹಿಡಿಯದ ಬಿಡಿ ಬಿಡಿ ಸ್ವರ, ಸಮಪಾಲಿನ ಶ್ರುತಿ. ಶ್ರುತಿಪೆಟ್ಟಿಗೆಗೆ ಆ ತಕರಾರು ತಾಗುವುದಿಲ್ಲ. ಹಾಡುವುದು ಅದರ ಕೆಲಸವೇ ಅಲ್ಲ.

ಬೆಲೆ ಮರ, ಅಳತೆ, ರೀಡಿನ ಮೇಲೆ ಹೋಗುತ್ತದೆ. ದೊಡ್ಡದಕ್ಕೆ ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿ ಎತ್ತಿಡಬೇಕು. ಗುಜರಾತಿನ ಪಾಲಿಟಾಣಾ ರೀಡಿಗೆ ಹೆಸರಾದ ಊರು, ಅಲ್ಲಿಯ ರೀಡು ಎಂದು ಹೇಳಿ ಮಾರುವುದೂ ಉಂಟು. ಹೆಸರಿಗಿಂತ ಮೇಲಿನ ಪರೀಕ್ಷೆಯನ್ನು ನಂಬಿ. ಮರ ತೇಗವಾದರೆ ಒಳ್ಳೆಯದು. ಪ್ಲೈವುಡ್ ಆದರೂ ಅಡ್ಡಿಯಿಲ್ಲ, ಅಂಚುಗಳಿಗೆಲ್ಲ ಪಾಲಿಶ್ ಹಿಡಿದಿದೆಯೇ ನೋಡಿ. ಬೋಳು ಅಂಚೇ ತೇವ ಕುಡಿಯುವುದು. ಮುಂದಿನ ಜಾಲರಿಯ ಕೆತ್ತನೆಗೆ ಹೆಚ್ಚು ಕೊಡಬೇಡಿ. ಕೆತ್ತನೆಯೇ ಬೇಕಿದ್ದರೆ ಸಾಗರ, ಸೊರಬದ ಗುಡಿಗಾರರ ಕೈಕೆಲಸ ಇದಕ್ಕಿಂತ ನೂರು ಪಾಲು ಚೆಂದ.

ಇನ್ನು ಬಳಕೆ. ಪೆಟ್ಟಿಗೆಯನ್ನು ನೆಲದ ಮೇಲೋ ತೊಡೆಯ ಮೇಲೋ ನಿಲ್ಲಿಸಿ, ಎಡಗೈಯ ನಾಲ್ಕು ಬೆರಳನ್ನು ಹಲಗೆಯ ಮೇಲಂಚಿನಲ್ಲಿಟ್ಟು ಒತ್ತಬೇಕು. ಮಣಿಕಟ್ಟು ಬಾಗಿಸಿ ಒತ್ತಿದರೆ ಐದು ನಿಮಿಷಕ್ಕೆ ಕೈ ಸೋಲುತ್ತದೆ, ಮೊಣಕೈಯಿಂದ ಒತ್ತಿ. ಹೊಸಬರೆಲ್ಲ ಮಾಡುವ ಕೆಲಸ ಒಂದಿದೆ, ತಿದಿಯನ್ನು ಪೂರ್ತಿ ತೆರೆದು ಪೂರ್ತಿ ಅಮುಕುವುದು. ಆಗ ಹಿಂದಿನ ತಿದಿ ತುಂಬಿ ತುಳುಕಿ ಗಾಳಿಯ ಒತ್ತಡ ಏರಿ, ಪ್ರತಿ ಒತ್ತಿಗೂ ನಾದ ವೂಂವ್ ಎಂದು ಉಬ್ಬುತ್ತದೆ, ಶ್ರುತಿಯೂ ಕೊಂಚ ಅಲುಗುತ್ತದೆ. ಅರ್ಧ ಒತ್ತು ಸಾಕು. ಎರಡು ಸ್ವರ ತೆರೆದಿದ್ದರೆ ನಾಲ್ಕೈದು ಸೆಕೆಂಡಿಗೊಂದು ಅರ್ಧ ಒತ್ತು ಕೊಟ್ಟರೆ ನಾದ ಸಮನಾಗಿ ಹರಿಯುತ್ತದೆ. ಮೂರಕ್ಕಿಂತ ಹೆಚ್ಚು ಸ್ವರ ತೆರೆಯುವುದು ಬರೀ ಕೈಗೆ ಕೆಲಸ. ಬಲಗೈ ತಾಳಕ್ಕೆ, ಮುಚ್ಚಳ ಸರಿಸುವುದಕ್ಕೆ.

ದಾಟಿ ಹುಡುಕುವವರಿಗೆ ಇದು ಹೇಗೆ ಒದಗುತ್ತದೆ ಎಂಬುದನ್ನು ಒಂದೇ ಒಂದು ಸಾಲಿನಲ್ಲಿ ತೋರಿಸಬಹುದು. ಮಲೆನಾಡಿನವರಿಗೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಹೊಸದಲ್ಲ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಗಮಕಕ್ಕೇ. ಹಾಗಾಗಿ ಭಾಮಿನಿ ಷಟ್ಪದಿಯ ನಡೆಯನ್ನೇ ತೆಗೆದುಕೊಳ್ಳೋಣ: ಮೂರು ನಾಲ್ಕು, ಮೂರು ನಾಲ್ಕು, ಒಟ್ಟು 14 ಮಾತ್ರೆ. ಕಿಟಕಿಯಾಚೆ ಕಂಡದ್ದನ್ನೇ ಈ ಅಳತೆಗೆ ಕೂರಿಸಿದ ಸಾಲು ಇದು:

ಕಣಿವೆ | ತುಂಬಿತು | ಮೋಡ | ಇಳಿಯಿತು

ಕೆಳಗಿನ ಬಿಳಿ 1 ಮತ್ತು ಬಿಳಿ 5 ತೆರೆಯಿರಿ. ಮೋಹನದ ಐದು ಸ್ವರ, ಸ ರಿ ಗ ಪ ದ. ಬಿಳಿ 1 ಷಡ್ಜವಾದರೆ ಇವೆಲ್ಲ ಬಿಳಿಯವೇ: 1, 2, 3, 5, 6. ಸಾಲಿಗೆ ಒಂದು ದಾಟಿ ಹೀಗೆ ಹಾಕಬಹುದು:

ಸ ರಿ ಗ | ಪಾ ಗ ರಿ | ಗಾ ರಿ | ಸ ರಿ ಸ ಸ

ದೀರ್ಘವಿದ್ದಲ್ಲಿ ಎರಡು ಮಾತ್ರೆ. ಏಳರ ನಡೆಯಾದ್ದರಿಂದ ಮಿಶ್ರಛಾಪಿನ ತಟ್ಟು ತಾನಾಗಿ ಬರುತ್ತದೆ. ನಾಲ್ಕು ಸಲ ಹಾಡಿ ಗಂಟಲಿಗೆ ಕೂರಿಸಿಕೊಳ್ಳಿ. ಈಗ ಹಾಡುವುದನ್ನು ನಿಲ್ಲಿಸದೆ ಬಲಗೈಯಲ್ಲಿ ಬಿಳಿ 1, 5 ಮುಚ್ಚಿ, ಬಿಳಿ 2, 6 ತೆರೆಯಿರಿ. ಗಂಟಲಿನ ಸ್ವರ ಒಂದೂ ಬದಲಾಗಿಲ್ಲ, ಕೆಳಗಿನ ನೆಲ ಮಾತ್ರ ಸರಿದಿದೆ. ಹಿಂದೆ ರಿಷಭವಾಗಿದ್ದದ್ದು ಈಗ ಷಡ್ಜ. ಅದೇ ಐದು ಸ್ವರ ಈಗ ಮಧ್ಯಮಾವತಿ ರಾಗ. ಸಾಲು ಹೊಸ ಲೆಕ್ಕದಲ್ಲಿ ಹೀಗಾಗುತ್ತದೆ:

ನಿ ಸ ರಿ | ಮಾ ರಿ ಸ | ರೀ ಸ | ನಿ ಸ ನಿ ನಿ

ಕೊನೆಯ ನಿಷಾದದಲ್ಲಿ ನಿಂತಾಗ ಸಾಲು ಮುಗಿದಂತೆ ಅನಿಸುವುದಿಲ್ಲ, ಬಾಗಿಲು ಅರ್ಧ ತೆರೆದಿಟ್ಟ ಹಾಗೆ. ಆ ಅತೃಪ್ತಿಯೇ ಇಲ್ಲಿಯ ಲಾಭ. ಕೊನೆಯ ಸ್ವರವನ್ನು ಷಡ್ಜಕ್ಕೆ ಎಳೆದು "ನಿ ಸ ನಿ ಸ" ಮಾಡಿದರೆ ಮುಗಿತಾಯ ಸಿಕ್ಕಿತು. ಮಾಡದೆ ಹಾಗೇ ಬಿಟ್ಟರೆ ಎರಡನೆಯ ಸಾಲನ್ನು ಅದೇ ಕೇಳುತ್ತದೆ. ಇದೇ ಐದು ಸ್ವರಕ್ಕೆ ಬಿಳಿ 3 ಆಧಾರವಾದರೆ ಹಿಂದೋಳ, ಬಿಳಿ 5 ಆದರೆ ಶುದ್ಧ ಸಾವೇರಿ, ಬಿಳಿ 6 ಆದರೆ ಶುದ್ಧ ಧನ್ಯಾಸಿ. ಗ್ರಹಭೇದ ಎಂದು ಸಂಗೀತ ಕಲಿತವರಿಗೆ ಗೊತ್ತಿರುವ ಸಂಗತಿಯೇ. ಪುಸ್ತಕದಲ್ಲಿ ಓದಿದಾಗ ಅದು ಪಟ್ಟಿ, ಮುಚ್ಚಳ ಸರಿಸಿ ಹಾಡಿದಾಗ ಅದು ಸಂಗೀತ. ಒಂದು ಎಚ್ಚರ: ಹಿಂದೋಳದಲ್ಲಿ ಪಂಚಮವಿಲ್ಲ. ಬಿಳಿ 3ರ ಜೊತೆ ಅದರ ಮಧ್ಯಮವಾದ ಬಿಳಿ 6 ತೆರೆಯಬೇಕು. ಅಭ್ಯಾಸಬಲದಿಂದ ಪಂಚಮವನ್ನೇ ತೆರೆದು "ಯಾಕೋ ಹಿಂದೋಳ ಕೂರ್ತಾ ಇಲ್ಲ" ಎಂದು ಗಂಟಲಿಗೆ ಬೈದುಕೊಳ್ಳುವವರು ಬಹಳ.

ನಿಮ್ಮ ಷಡ್ಜ ಒಂದೂವರೆ ಮನೆಯಾದರೆ, ಅಂದರೆ ಕರಿ 1, ಪಂಚಮ ಕರಿ 4, ಮಧ್ಯಮ ಕರಿ 3. ನಾಲ್ಕು ಮನೆಯಾದರೆ ಪಂಚಮ ಮೇಲಿನ ಬಿಳಿ 1, ಮಧ್ಯಮ ಕರಿ 5. ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಹಿಂದೆ ಅಂಟಿಸಿ. ಮುಚ್ಚಳಗಳ ಮೇಲೆ ಹೆಸರು ಇರುವುದಿಲ್ಲ ಅಥವಾ ಇಂಗ್ಲಿಷ್ ಅಕ್ಷರ ಇರುತ್ತದೆ. ಷಡ್ಜಕ್ಕೆ ಒಂದು ಕುಂಕುಮದ ಬೊಟ್ಟು ಇಟ್ಟರೆ ಕತ್ತಲಲ್ಲೂ ಸಿಗುತ್ತದೆ ಎನ್ನುವವರಿದ್ದಾರೆ, ಆದರೆ ಪುಡಿ ರೀಡಿನೊಳಗೆ ಇಳಿದೀತು. ಉಗುರಿನ ಬಣ್ಣದ ಒಂದು ಹನಿ ಒಳ್ಳೆಯದು.

ಇಪ್ಪತ್ತು ನಿಮಿಷವನ್ನು ಹಂಚಿಕೊಳ್ಳುವುದಕ್ಕೆ ದೊಡ್ಡ ಯೋಜನೆ ಬೇಡ. ಮೊದಲ ನಾಲ್ಕೈದು ನಿಮಿಷ ಬರೀ ಷಡ್ಜ ಪಂಚಮ ತೆರೆದು ಅಕಾರದಲ್ಲಿ ಉದ್ದ ಸ್ವರ. ಆಮೇಲೆ ಒಂದೇ ಸಾಲು. ಗಾದೆ, ಒಗಟು, ಅಂದಿನ ಮನೆಯ ಮಾತು, ಯಾವುದೂ ಆದೀತು. ಎರಡನೆಯ ಸಾಲಿಗೆ ಅಂದೇ ಕೈ ಹಾಕಬೇಡಿ. ಕೊನೆಗೆ ಫೋನಿನಲ್ಲಿ ತಾರೀಖು ಬಾಯಲ್ಲೇ ಹೇಳಿ ಒಂದು ನಿಮಿಷದ ಧ್ವನಿಮುದ್ರಣ. ಫೋನ್ ಬಾಯಿಂದ ಒಂದೂವರೆ ಅಡಿ ದೂರದಲ್ಲಿ, ಪೆಟ್ಟಿಗೆಯ ಎದುರು ಬದಿಗೆ ಇರಲಿ. ಪೆಟ್ಟಿಗೆಯ ಪಕ್ಕ ಇಟ್ಟರೆ ಮುದ್ರಣದಲ್ಲಿ ರೀಡು ಮಾತ್ರ ಉಳಿದು ಹಾಡು ಹಿಂದೆ ಸರಿಯುತ್ತದೆ. ಈ ಅಭ್ಯಾಸ ನಿಂತುಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ದಿನಕ್ಕೊಂದು ಹೊಸ ರಾಗ ಹಿಡಿಯುವುದು ಒಂದು. ವಾರವಾದರೂ ಒಂದೇ ಐದು ಸ್ವರದಲ್ಲಿ ಇರದಿದ್ದರೆ ದಾಟಿಗೆ ರುಚಿ ಹತ್ತುವುದಿಲ್ಲ. ಇನ್ನೊಂದು, ಪೆಟ್ಟಿಗೆಯನ್ನು ಮಂಚದ ಕೆಳಗೋ ಅಟ್ಟದ ಮೇಲೋ ಇಡುವುದು. ತೆಗೆಯುವುದಕ್ಕೆ ಬಗ್ಗಬೇಕಾದ, ಏಣಿ ಹತ್ತಬೇಕಾದ ವಾದ್ಯ ತಿಂಗಳೊಳಗೆ ಸಾಮಾನಿನ ಸಾಲಿಗೆ ಸೇರುತ್ತದೆ. ಬೇಸಿಗೆಯಲ್ಲಿ ಜಗಲಿಯ ಮೂಲೆಯಲ್ಲಿ ಒಂದು ಪಂಚೆ ಮುಚ್ಚಿ ಇಟ್ಟರೂ ನಡೆಯುತ್ತದೆ.

ಮಳೆಗಾಲದಲ್ಲಿ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ. ಅದರ ಅರ್ಧ ಬೀಳುವ ಊರಲ್ಲೂ ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಶ್ರುತಿಪೆಟ್ಟಿಗೆಯಲ್ಲಿ ಮರ, ಚರ್ಮ, ಬಟ್ಟೆ, ರಟ್ಟು, ಅಂಟು, ಹಿತ್ತಾಳೆ, ಉಕ್ಕು ಎಲ್ಲ ಇದೆ, ತೇವ ಪ್ರತಿಯೊಂದಕ್ಕೂ ಬೇರೆ ಬೇರೆ ರೀತಿಯಲ್ಲಿ ಕಾಟ ಕೊಡುತ್ತದೆ. ಮರ ಉಬ್ಬಿ ಮುಚ್ಚಳ ಬಿಗಿಯುತ್ತದೆ. ಬಲ ಹಾಕಿ ತಿರುಗಿಸಿದರೆ ಅದರ ಸ್ಕ್ರೂ ಮರವನ್ನೇ ಕಿತ್ತುಕೊಂಡು ಬರುತ್ತದೆ, ಆಮೇಲೆ ಬೇಸಿಗೆಯಲ್ಲಿ ಮುಚ್ಚಳ ಲೊಡಲೊಡ. ಚರ್ಮದ ಕವಾಟಕ್ಕೆ ಬೂಷ್ಟು ಹಿಡಿದು ಗಡುಸಾದರೆ ಒತ್ತಿದ ಗಾಳಿ ವಾಪಸ್ ನುಗ್ಗುತ್ತದೆ, ಎಷ್ಟು ಒತ್ತಿದರೂ ತಿದಿ ತುಂಬುವುದಿಲ್ಲ. ಹಿತ್ತಾಳೆಗೆ ಹಸಿರು ಕಿಲುಬು ಕಟ್ಟಿದರೆ ನಾಲಿಗೆಯ ತೂಕ ಬದಲಾಗಿ ಶ್ರುತಿ ತಪ್ಪುತ್ತದೆ. ಸ್ಪ್ರಿಂಗಿಗೆ ತುಕ್ಕು. ಮಡಿಕೆಯ ಅಂಟನ್ನು ತಿನ್ನಲು ಜಿರಲೆ. ಈ ಪಟ್ಟಿ ನೋಡಿ ಹೆದರಬೇಕಿಲ್ಲ, ಮದ್ದು ಒಂದೇ: ಒಣ ಗಾಳಿ.

ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ತನ್ನಿ, ಅಥವಾ ಹಳೆಯ ಟ್ರಂಕಿನ ಅಂಚಿಗೆ ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಹಾಕಿ. ಒಳಗೆ 200 ಗ್ರಾಂ ಸಿಲಿಕಾ ಜೆಲ್ ಅನ್ನು ತೆಳು ಹತ್ತಿಬಟ್ಟೆಯ ಎರಡು ಚೀಲದಲ್ಲಿ ಕಟ್ಟಿ ಇಡಿ. ಬಣ್ಣ ಬದಲಾಯಿಸುವ ಜಾತಿಯದೇ ಇರಲಿ, ಆದರೆ ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಇರುವುದರಿಂದ ಮನೆಗೆ ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ತಿರುಗಿದಾಗ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು; ಅಡುಗೆಯ ಪಾತ್ರೆ ಬೇಡ, ಅದಕ್ಕೆಂದೇ ಹಳೆಯ ಬಾಣಲೆ ಇಟ್ಟುಕೊಂಡು ಸಣ್ಣ ಉರಿಯಲ್ಲಿ ಕೈಯಾಡಿಸಿ. ಒಳಗೊಂದು ಅಗ್ಗದ ತೇವಮಾಪಕ ಇಟ್ಟರೆ ಊಹೆ ಬೇಡ. ಶೇ. 45ರಿಂದ 60ರ ನಡುವೆ ಇದ್ದರೆ ನಿಶ್ಚಿಂತೆ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಕರೆ ಕಳಿಸಿದಂತೆ. 40ಕ್ಕಿಂತ ಇಳಿಯುವುದೂ ಬೇಡ, ಮರ ಸೀಳುತ್ತದೆ.

ಹಳೆಯ ಮನೆಗಳಲ್ಲಿ ಒದ್ದೆ ತಾಗಬಾರದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ. ಬುಟ್ಟಿಗೆ, ಬೀಜಕ್ಕೆ ಅದು ಸರಿ. ರೀಡಿಗೆ ಹೊಗೆಯ ಮಸಿ ಕಟ್ಟಿ ನಾಲಿಗೆ ಅಂಟಿಕೊಳ್ಳುತ್ತದೆ, ಬಿಸಿಗೆ ಮಡಿಕೆಯ ಅಂಟು ಬಿಡುತ್ತದೆ. ಶ್ರುತಿಪೆಟ್ಟಿಗೆಯನ್ನು ಅಲ್ಲಿಗೆ ಒಯ್ಯಲೇಬೇಡಿ. ನುಸಿಗುಳಿಗೆ ಟ್ರಂಕಿನ ಮೂಲೆಯಲ್ಲಿ ಕಾಗದದಲ್ಲಿ ಸುತ್ತಿ ಒಂದೆರಡು ಇರಲಿ, ಪಾಲಿಶಿಗೆ ತಾಗದಂತೆ. ಬೂಷ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿ ನೆರಳಿನ ಗಾಳಿಗೆ ಇಡಿ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಮೊದಲ ವಾರ ಮೆತ್ತಗಾದಂತೆ ಕಂಡು ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ. ರೀಡಿಗಂತೂ ಎಣ್ಣೆ, ಸೀಮೆಎಣ್ಣೆ, ತುಕ್ಕುಬಿಡಿಸುವ ಸ್ಪ್ರೇ ಯಾವುದೂ ಬೇಡ.

ಮಳೆಗಾಲದ ಇನ್ನೊಂದು ಮದ್ದು ದಿನಾ ನುಡಿಸುವುದೇ. ಗಾಳಿಯಾಡಿದ ರೀಡು ಕಟ್ಟಿಕೊಳ್ಳುವುದು ಕಡಿಮೆ. ಹಾಡುವುದು ನಿಮ್ಮ ಷಡ್ಜ ಪಂಚಮದಲ್ಲೇ ಆದರೂ ವಾರಕ್ಕೊಮ್ಮೆ ಹದಿಮೂರನ್ನೂ ಒಂದೊಂದು ನಿಮಿಷ ತೆರೆಯಿರಿ. ಬಳಸದ ಕರಿ 2, ಕರಿ 5ರಂಥವೇ ಮೊದಲು ಮೂಕವಾಗುವುದು.

ಒಂದು ರೀಡು ಮೂಕವಾದರೆ ನೂರಕ್ಕೆ ತೊಂಬತ್ತು ಪಾಲು ನಾಲಿಗೆಗೂ ಚೌಕಟ್ಟಿಗೂ ನಡುವೆ ಒಂದು ಕಸ ಕೂತಿರುತ್ತದೆ. ಮೊದಲು ಆ ಮುಚ್ಚಳ ಒಂದನ್ನೇ ತೆರೆದು ಜೋರಾಗಿ ನಾಲ್ಕು ಸಲ ಒತ್ತಿ ನೋಡಿ. ಏಳದಿದ್ದರೆ ಸ್ಕ್ರೂ ಬಿಚ್ಚಿ ಹಲಗೆ ತೆಗೆಯಬೇಕು. ಬಿಚ್ಚುವ ಮುನ್ನ ಒಂದು ಫೋಟೋ, ಸ್ಕ್ರೂಗಳು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ. ಒಣಗಿದ ಮೆತ್ತನೆ ಬ್ರಷ್ಷಿನಲ್ಲಿ ರೀಡಿನ ಬುಡದಿಂದ ತುದಿಯ ಕಡೆಗೆ ಸವರಿ. ಆಗಲೂ ಕಸ ಉಳಿದರೆ ತೆಳು ಕಾಗದದ ಪಟ್ಟಿಯನ್ನು ನಾಲಿಗೆಯ ಕೆಳಗೆ ತೂರಿಸಿ ನಿಧಾನ ಎಳೆಯಿರಿ. ಪಿನ್ನು, ಬ್ಲೇಡು ಹಾಕಬಾರದು. ಹಿತ್ತಾಳೆ ನಾಲಿಗೆ ಒಮ್ಮೆ ಬಾಗಿದರೆ ಹಳೆಯ ಏಳಿಕೆಗೆ ಬರುವುದು ಕಷ್ಟ. ಶ್ರುತಿ ತಪ್ಪಿದ್ದನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ. ನಾಲಿಗೆಯ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ ಎಂಬುದೇನೋ ಸರಳ ಸೂತ್ರ, ಆದರೆ ಕೆರೆದ ಹಿತ್ತಾಳೆ ಮರಳಿ ಹತ್ತುವುದಿಲ್ಲ. ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ಯಾರ ಕೈಗೆ ಹೋಗುತ್ತದೆಯೋ ವಿಚಾರಿಸಿ, ಅವರಿಗೇ ಕೊಡಿ. ಒಳಗಿನ ಕೆಲಸ ಒಂದೇ. ಮಳೆ ಬಿಟ್ಟು ಮರ ಆರಿದ ಮೇಲೆ, ದೀಪಾವಳಿ ಕಳೆದು ಕೊಟ್ಟರೆ ಶ್ರುತಿ ನಿಲ್ಲುತ್ತದೆ. ಆಗಸ್ಟಿನಲ್ಲಿ ಮಾಡಿಸಿದ್ದನ್ನು ಜನವರಿಯಲ್ಲಿ ಮತ್ತೆ ಮಾಡಿಸಬೇಕಾದೀತು.

ಪ್ರತಿಸ್ಪರ್ಧಿಗಳ ಬಗ್ಗೆ ನ್ಯಾಯವಾಗಿ ಹೇಳುವುದಾದರೆ, ಎಲೆಕ್ಟ್ರಾನಿಕ್ ತಂಬೂರಿ ನಮ್ಮ ನಾಡಿನದೇ ಕೊಡುಗೆ, ಬೆಂಗಳೂರಿನ ಜಿ. ರಾಜ್ ನಾರಾಯಣ್ ಅದನ್ನು ರೂಪಿಸಿದವರು. ಎರಡೂ ಕೈಗೆ ಕೆಲಸವಿರುವವರಿಗೆ, ಅಂದರೆ ವೀಣೆ, ಪಿಟೀಲು, ಕೊಳಲು, ಮೃದಂಗದವರಿಗೆ, ಅದೇ ಬೇಕು. ಕೈಪೆಟ್ಟಿಗೆ ಅವರಿಗೆ ನಿರುಪಯೋಗಿ. ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ತಿರುಪು ಅದರಲ್ಲಿದೆ, ಇದರಲ್ಲಿಲ್ಲ: ನಿಮ್ಮ ಗಂಟಲು ಒಂದೂವರೆಗೂ ಎರಡಕ್ಕೂ ನಡುವೆ ಕೂರುವ ಜಾತಿಯದಾದರೆ ಕೈಪೆಟ್ಟಿಗೆ ಯಾವತ್ತೂ ಒಂದು ಎಳೆ ಬಿಗಿ ಅಥವಾ ಸಡಿಲ. ಆಧಾರಸ್ವರ ಬದಲಿಸಲು ಮಾತ್ರ ಅದರಲ್ಲಿ ತಿರುಪು ತಿರುಗಿಸುತ್ತಲೋ ಗುಂಡಿ ಒತ್ತುತ್ತಲೋ ಶ್ರುತಿ ಹುಡುಕಬೇಕು, ಅಷ್ಟರಲ್ಲಿ ಸಾಲು ಬಾಯಿಂದ ಜಾರಿರುತ್ತದೆ. ಗಾಳಿಮಳೆಗೆ ಲೈನ್ ಬಿದ್ದು ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಬ್ಯಾಟರಿಯ ಚಿಂತೆ ಬೇರೆ.

ಫೋನಿನ ತಂಬೂರಿ ಆ್ಯಪ್ ಮೊದಲ ಎರಡು ತಿಂಗಳಿಗೆ ಬಹಳ ಒಳ್ಳೆಯದು, ಅದರಲ್ಲೂ ನಿಮ್ಮ ಷಡ್ಜ ಯಾವುದೆಂದು ಇನ್ನೂ ನಿಶ್ಚಯವಿಲ್ಲದಿದ್ದರೆ. ಫೋನಿನ ಸ್ಪೀಕರ್ ಮಾತ್ರ ನೆಚ್ಚಬೇಡಿ. 130 ಹರ್ಟ್ಸ್‌ನ ಷಡ್ಜವನ್ನು ಅದು ಬಹುಪಾಲು ನುಂಗಿ ಅದರ ಮೇಲಿನ ಉಪಸ್ವರಗಳನ್ನಷ್ಟೇ ಹೊರಗೆ ಬಿಡುತ್ತದೆ, ಗಂಟಲು ಅದನ್ನೇ ಹಿಡಿದು ಮೇಲೆ ಮೇಲೆ ಹೋಗುತ್ತದೆ. ಒಂದು ಬ್ಲೂಟೂತ್ ಸ್ಪೀಕರ್ ಜೋಡಿಸಿ. ಇಯರ್‌ಫೋನ್ ಆದರೆ ಒಂದೇ ಕಿವಿಗೆ. ಎರಡೂ ಮುಚ್ಚಿದರೆ ಸ್ವಂತ ದನಿ ತಪ್ಪಾಗಿ ಕೇಳುತ್ತದೆ. ಮಧ್ಯೆ ವಾಟ್ಸಾಪ್ ಸದ್ದು ಮಾಡದಂತೆ ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆತರೆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು ಎಂದು ಗೊತ್ತಾಗುವುದಿಲ್ಲ. ತಗಡಿನ ಮಾಡಿನ ಮೇಲೆ ಜುಲೈ ಮಳೆ ಹೊಡೆಯುವಾಗ ಫೋನೂ ಇಲ್ಲ, ಸಣ್ಣ ಸ್ಪೀಕರೂ ಇಲ್ಲ. ಎರಡು ರೀಡು ತೆರೆದ ದೊಡ್ಡ ಪೆಟ್ಟಿಗೆ ಮಾತ್ರ ಕೇಳುತ್ತದೆ, ಅದೂ ತೊಡೆಯ ಮೇಲೆ ಇಟ್ಟುಕೊಂಡರೆ ಮರದ ನಡುಕ ಮೈಗೇ ತಾಗಿ ಶ್ರುತಿ ಸಿಗುತ್ತದೆ.

ಹಳೆಯದು ಸಿಕ್ಕರೆ ಕೊಳ್ಳಬಹುದೇ ಎಂದರೆ, ಬಯಲುಸೀಮೆಯ ಮನೆಯಿಂದ ಬಂದದ್ದಾದರೆ ಧೈರ್ಯವಾಗಿ, ಘಟ್ಟದ ಮನೆಯಿಂದ ಬಂದದ್ದಾದರೆ ಹಲಗೆ ಬಿಚ್ಚಿಸಿ ನೋಡಿ. ಕಿಲುಬು ರೀಡಿನ ಚೌಕಟ್ಟಿನ ಮೇಲಷ್ಟೇ ಇದ್ದರೆ ಪರವಾಗಿಲ್ಲ. ನಾಲಿಗೆಯ ಬುಡದ ಗುಬ್ಬಿಮೊಳೆಯ ಸುತ್ತ ಹಸಿರು ಕಟ್ಟಿದ್ದರೆ ಆ ರೀಡು ಹೆಚ್ಚು ದಿನ ಬಾಳುವುದಿಲ್ಲ; ಅಂಥವು ಎರಡಕ್ಕಿಂತ ಹೆಚ್ಚಿದ್ದರೆ ಬೇಡ. ಹೊಸದನ್ನು ಕೊರಿಯರ್‌ನಲ್ಲಿ ತರಿಸುವುದಾದರೆ ಜೂನ್‌ಗೆ ಮುಂಚೆಯೇ ತರಿಸಿ, ಜೊತೆಯಲ್ಲೇ ಎರಡು ಬಿಡಿ ಸ್ಪ್ರಿಂಗ್, ನಾಲ್ಕೈದು ಚರ್ಮದ ಬಿಲ್ಲೆ ಕೇಳಿ ಪಡೆಯಿರಿ. ಆಮೇಲೆ ಬೇಕೆಂದಾಗ ಅವು ಬಿಡಿಯಾಗಿ ಸಿಗುವುದು ಕಷ್ಟ.